ಕರ್ಸರ್ ಕೊಡುವ ಮಾತು

ಡೆಸ್ಕ್‌ಟಾಪ್ ಪರದೆಯ ಮೇಲೆ ಮೌಸ್ ಕರ್ಸರ್‌ಗೆ ಎರಡು ಕೆಲಸ. ಕೈಯ ಚಲನೆ ಪರದೆಯ ಯಾವ ಬಿಂದುವಿಗೆ ತಲುಪಿದೆ ಎಂದು ತೋರಿಸುವುದು ಒಂದು. ಅಲ್ಲಿ ಬಟನ್ ಒತ್ತಿದರೆ ಏನಾದೀತು ಎಂದು ಒತ್ತುವ ಮೊದಲೇ ತಿಳಿಸುವುದು ಇನ್ನೊಂದು. ಮೊದಲನೆಯದನ್ನು ಆಪರೇಟಿಂಗ್ ಸಿಸ್ಟಂ ನೋಡಿಕೊಳ್ಳುತ್ತದೆ. ಎರಡನೆಯದು ಬಹುಮಟ್ಟಿಗೆ ಪ್ರೋಗ್ರಾಂ ಬರೆಯುವವರ ಹೊಣೆ. ಬಾಣ ಕಂಡರೆ ಆಯ್ಕೆ, ನಿಂತ ಗೆರೆ ಕಂಡರೆ ಬರವಣಿಗೆ, ಕೈಬೆರಳು ಕಂಡರೆ ಕೊಂಡಿ, ಎರಡು ತುದಿಯ ಬಾಣ ಕಂಡರೆ ಅಂಚನ್ನು ಎಳೆಯಬಹುದು. ಹೀಗೆ ಪ್ರತಿಯೊಂದು ಆಕಾರವೂ ಬಳಕೆದಾರರಿಗೆ ಪ್ರೋಗ್ರಾಂ ಕೊಡುವ ಮಾತು. ಆ ಮಾತು ಉಳಿಸಿಕೊಳ್ಳುವಂತೆ ಕರ್ಸರ್‌ಗಳನ್ನು ರಚಿಸುವುದು, ಸರಿಯಾದ ಹೊತ್ತಿಗೆ ಬದಲಿಸುವುದು, ಕೆಲಸ ಮುಗಿದ ಮೇಲೆ ಹಿಂದಿನ ಸ್ಥಿತಿಗೆ ತರುವುದು ಇಂಟರ್‌ಫೇಸ್ ಪ್ರೋಗ್ರಾಮಿಂಗ್‌ನ ಒಂದು ಸಣ್ಣ, ಆದರೆ ತಪ್ಪುಗಳಿಗೆ ಬೇಗ ಎಡೆಕೊಡುವ ಭಾಗ.

ನೆಟ್ಟಗಿದ್ದ ಬಾಣ ವಾಲಿದ್ದು

ಮೌಸ್‌ನ ಮೊದಲ ಮಾದರಿ 1964ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾಯಿತು. ಕಲ್ಪನೆ ಡಗ್ಲಸ್ ಎಂಗೆಲ್‌ಬಾರ್ಟ್ ಅವರದು, ಅದನ್ನು ತಯಾರಿಸಿದವರು ಬಿಲ್ ಇಂಗ್ಲಿಷ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಪರದೆಯ ಮೇಲೆ ಚಲಿಸುವ ಗುರುತಿಗೆ ಅವರ ತಂಡ ಇಟ್ಟುಕೊಂಡಿದ್ದ ಹೆಸರು ‘ಬಗ್’. ಆಗಿನ ಬಾಣ ನೆಟ್ಟಗೆ ಮೇಲಕ್ಕೆ ಮುಖ ಮಾಡಿತ್ತು.

ಬಾಣ ಎಡಕ್ಕೆ ವಾಲಿದ್ದು ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ಅಲ್ಲಿ 1973ರಲ್ಲಿ ರೂಪುಗೊಂಡ ‘ಆಲ್ಟೊ’ ಕಂಪ್ಯೂಟರಿನ ಕರ್ಸರ್‌ಗೆ ಸಿಕ್ಕಿದ್ದ ಜಾಗ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಅಷ್ಟು ಕಡಿಮೆ ಚುಕ್ಕೆಗಳಲ್ಲಿ ನೆಟ್ಟಗಿನ ಬಾಣದ ಎರಡೂ ಓರೆ ಗೆರೆಗಳನ್ನು ಸ್ಪಷ್ಟವಾಗಿ ಮೂಡಿಸುವುದು ಕಷ್ಟ. ಬಾಣವನ್ನು ವಾಲಿಸಿದರೆ ಒಂದು ಅಂಚು ಪೂರ್ತಿ ಲಂಬವಾಗುತ್ತದೆ, ಇನ್ನೊಂದು 45 ಡಿಗ್ರಿಯ ಮೆಟ್ಟಿಲು ಗೆರೆಯಾಗುತ್ತದೆ. ಎರಡೂ ಚೌಕುಳಿಯಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ. ವಾಲಿಕೆಗೆ ಸಾಮಾನ್ಯವಾಗಿ ಕೊಡುವ ಕಾರಣ ಇದೇ. ಇದರಿಂದ ಬಾಣದ ತುದಿ ಚಿತ್ರದ ಎಡ ಮೇಲ್ಮೂಲೆಗೆ ಬಂತು. ಕಂಪ್ಯೂಟರ್ ಪರದೆಯಲ್ಲಿ ಎಣಿಕೆ ಶುರುವಾಗುವುದೂ ಆ ಮೂಲೆಯಿಂದಲೇ ಆದ್ದರಿಂದ ಲೆಕ್ಕವೂ ಸುಲಭವಾಯಿತು. ಪರದೆಗಳು ಎಷ್ಟೋ ಪಟ್ಟು ಸೂಕ್ಷ್ಮವಾಗಿರುವ ಇಂದಿಗೂ ಬಾಣ ಹಾಗೆಯೇ ವಾಲಿ ನಿಂತಿದೆ.

1984ರ ಜನವರಿಯಲ್ಲಿ ಬಂದ ಆಪಲ್‌ನ ಮ್ಯಾಕಿಂತೋಷ್, ಕರ್ಸರ್ ಬಳಕೆಯನ್ನು ಸಾಮಾನ್ಯ ಪ್ರೋಗ್ರಾಮರ್‌ಗಳ ಕೈಗೆ ಕೊಟ್ಟಿತು. ಅದರ ಗಡಿಯಾರದಂಥ ಪುಟ್ಟ ಚಿತ್ರಗಳನ್ನು ಬಿಡಿಸಿದವರು ಸೂಸನ್ ಕೇರ್. ಆ ಕಾಲದ ಮ್ಯಾಕ್‌ನಲ್ಲಿ ಒಂದು ಕರ್ಸರ್‌ನ ಪೂರ್ತಿ ವಿವರ 68 ಬೈಟ್‌ಗಳಲ್ಲಿ ಮುಗಿಯುತ್ತಿತ್ತು: ಚಿತ್ರಕ್ಕೆ 32, ಮುಸುಕಿಗೆ 32, ಕ್ಲಿಕ್ ಬಿಂದುವಿಗೆ 4. ಕರ್ಸರ್ ಅಂದರೆ ಏನು ಎಂದು ತಿಳಿಯಲು ಈ ಮೂರನ್ನು ಬಿಡಿಸಿ ನೋಡಿದರೆ ಸಾಕು. ಇಂದಿನ ಬಣ್ಣದ ಕರ್ಸರ್‌ಗಳ ಒಳಗಿರುವುದೂ ಬಹುಮಟ್ಟಿಗೆ ಇವೇ.

ಚಿತ್ರ, ಮುಸುಕು, ಹಾಟ್‌ಸ್ಪಾಟ್

ಕರ್ಸರ್‌ನ ಚಿತ್ರ ಸಾಮಾನ್ಯವಾಗಿ ಚೌಕ. ಕಾಣಬೇಕಾದದ್ದು ಮಾತ್ರ ಬಾಣ. ಚೌಕದ ಯಾವ ಪಿಕ್ಸೆಲ್ ಕಾಣಬೇಕು, ಯಾವುದರ ಹಿಂದಿನ ಪರದೆ ಕಾಣಬೇಕು ಎಂದು ಹೇಳಲು ಚಿತ್ರದ ಜೊತೆ ಮುಸುಕು ಬೇಕು. ವಿಂಡೋಸ್‌ನ ಕಪ್ಪು-ಬಿಳುಪು ಕರ್ಸರ್‌ಗಳಲ್ಲಿ ಪ್ರತಿ ಪಿಕ್ಸೆಲ್‌ಗೂ ಎರಡು ಬಿಟ್‌ಗಳಿರುತ್ತವೆ. ಒಂದು ‘ಆಂಡ್’ ಮುಸುಕಿನದು, ಇನ್ನೊಂದು ‘ಎಕ್ಸಾರ್’ ಮುಸುಕಿನದು. ಪರದೆಯ ಪಿಕ್ಸೆಲ್ ಮೇಲೆ ಮೊದಲು ಆಂಡ್ ಕ್ರಿಯೆ, ಬಳಿಕ ಎಕ್ಸಾರ್ ಕ್ರಿಯೆ ನಡೆಯುತ್ತದೆ. ಎರಡೂ 0 ಆದರೆ ಕಪ್ಪು. ಆಂಡ್ 0, ಎಕ್ಸಾರ್ 1 ಆದರೆ ಬಿಳಿ. ಆಂಡ್ 1, ಎಕ್ಸಾರ್ 0 ಆದರೆ ಪರದೆ ಇದ್ದಂತೆಯೇ ಕಾಣುತ್ತದೆ. ಎರಡೂ 1 ಆದರೆ ಪರದೆಯ ಬಣ್ಣ ತಿರುವುಮುರುವಾಗುತ್ತದೆ.

ಈ ನಾಲ್ಕನೆಯ ಸಾಧ್ಯತೆಯಿಂದ ಬರವಣಿಗೆಯ ನಿಂತ ಗೆರೆಗೆ ಅನುಕೂಲವಾಯಿತು. ಬಿಳಿ ಹಾಳೆಯ ಮೇಲೆ ಕಪ್ಪಾಗಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿ ಅದು ತಾನೇ ಬದಲಾಗುತ್ತದೆ. ಆದರೆ ಹಿನ್ನೆಲೆ ನಟ್ಟನಡುವಿನ ಬೂದು ಬಣ್ಣದ್ದಾದರೆ ಲೆಕ್ಕ ಕೈಕೊಡುತ್ತದೆ. 0ಯಿಂದ 255ರವರೆಗಿನ ಅಳತೆಯಲ್ಲಿ 128ನ್ನು ತಿರುವಿದರೆ ಬರುವುದು 127. ಎರಡು ಬೂದುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದು, ಕರ್ಸರ್ ಮಾಯವಾದಂತೆ ತೋರುತ್ತದೆ. ಬೂದು ಹಿನ್ನೆಲೆಯ ಪಠ್ಯಪೆಟ್ಟಿಗೆ ಮಾಡುವವರು ಇದನ್ನು ಪರೀಕ್ಷಿಸಿ ನೋಡಬೇಕು. ಈಗಿನ 32 ಬಿಟ್ ಕರ್ಸರ್‌ಗಳಲ್ಲಿ ಮುಸುಕಿನ ಜಾಗಕ್ಕೆ ಪಾರದರ್ಶಕತೆಯ ಅಳತೆ ಬಂದಿದೆ. ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಯ ಜೊತೆಗೆ 0ಯಿಂದ 255ರವರೆಗೆ ಪಾರದರ್ಶಕತೆ ಇರುವುದರಿಂದ ಅಂಚುಗಳು ನಯವಾಗುತ್ತವೆ, ನೆರಳು ಸಾಧ್ಯವಾಗುತ್ತದೆ. ಇಂಥವು ಹಿನ್ನೆಲೆಯನ್ನು ತಿರುವುವುದಿಲ್ಲ. ಆದ್ದರಿಂದ ಕಪ್ಪು ಆಕಾರಕ್ಕೆ ಬಿಳಿ ಅಂಚು, ಬಿಳಿ ಆಕಾರಕ್ಕೆ ಕಪ್ಪು ಅಂಚು ಕಟ್ಟುವುದು ರೂಢಿ.

ಮೂರನೆಯದು ಹಾಟ್‌ಸ್ಪಾಟ್. ಚಿತ್ರ ಎಷ್ಟೇ ದೊಡ್ಡದಿರಲಿ, ಕ್ಲಿಕ್ ತಲುಪುವುದು ಒಂದೇ ಪಿಕ್ಸೆಲ್‌ಗೆ. ಆ ಪಿಕ್ಸೆಲ್ ಚಿತ್ರದೊಳಗೆ ಎಲ್ಲಿದೆ ಎಂಬುದೇ ಹಾಟ್‌ಸ್ಪಾಟ್. ಬಾಣಕ್ಕೆ ಅದು ತುದಿ, ಅಡ್ಡ ಗೆರೆ, ನಿಂತ ಗೆರೆ ಸೇರಿದ ಕೂಡುಗೆರೆಗೆ ನಡು, ಕೈಗೆ ತೋರುಬೆರಳಿನ ತುದಿ. ಬಣ್ಣ ಹೀರುವ ಪಿಪೆಟ್‌ಗೆ ಕೆಳಗಿನ ಎಡ ಮೂಲೆ. 32×32 ಚಿತ್ರದಲ್ಲಿ ಪಿಪೆಟ್‌ನ ಮೂತಿ 2ನೇ ಕಾಲಂ, 29ನೇ ಸಾಲಿನಲ್ಲಿದ್ದರೆ ಹಾಟ್‌ಸ್ಪಾಟ್ ಆಗಬೇಕಾದದ್ದು (2, 29). ಪ್ರೋಗ್ರಾಂನಲ್ಲಿ ಅದನ್ನು ಕೊಡುವುದು ಮರೆತು (0, 0) ಉಳಿದರೆ ಪಿಪೆಟ್ ತೋರಿಸುವ ಜಾಗಕ್ಕಿಂತ ಸುಮಾರು 29 ಪಿಕ್ಸೆಲ್ ಮೇಲಿನ ಬಣ್ಣ ಆಯ್ಕೆಯಾಗುತ್ತದೆ. ಬಳಕೆದಾರರಿಗೆ ಕಾಣುವುದು ಬಣ್ಣದ ತಪ್ಪು. ದೋಷ ಇರುವುದು ಕರ್ಸರ್‌ನಲ್ಲಿ. ಕೆಲವು ಲೈಬ್ರರಿಗಳಲ್ಲಿ ಸ್ಥಿತಿ ಬೇರೆ. ಕ್ಯೂಟಿಯಲ್ಲಿ ಚಿತ್ರದಿಂದ ಕರ್ಸರ್ ಮಾಡುವಾಗ ಹಾಟ್‌ಸ್ಪಾಟ್ ಕೊಡದಿದ್ದರೆ ಅದು ಚಿತ್ರದ ನಡುವಿಗೆ ಹೋಗುತ್ತದೆ. ಕೂಡುಗೆರೆಗೆ ಇದು ಸರಿ, ಬಾಣಕ್ಕೆ ತಪ್ಪು.

ಫೈಲ್‌ಗಳೊಳಗೆ ಇಣುಕಿದರೆ

ವಿಂಡೋಸ್‌ನ ‘ಕರ್’ ಫೈಲ್ ಹೆಚ್ಚುಕಡಿಮೆ ಐಕಾನ್ ಫೈಲ್‌ನ ತದ್ರೂಪ. ಆರಂಭದ ತಲೆಬರಹದಲ್ಲಿ ಐಕಾನ್‌ಗೆ 1, ಕರ್ಸರ್‌ಗೆ 2 ಎಂಬ ಸಂಖ್ಯೆ ಇರುತ್ತದೆ. ಆಮೇಲೆ ಪ್ರತಿ ಚಿತ್ರಕ್ಕೂ 16 ಬೈಟ್‌ಗಳ ಒಂದೊಂದು ನಮೂದು. ಐಕಾನ್ ತನ್ನ ಬಣ್ಣದ ವಿವರ ಬರೆದುಕೊಳ್ಳುವ ಜಾಗದಲ್ಲಿ ಕರ್ಸರ್ ತನ್ನ ಹಾಟ್‌ಸ್ಪಾಟ್ ಬರೆದುಕೊಳ್ಳುತ್ತದೆ. ಒಂದೇ ಫೈಲ್‌ನಲ್ಲಿ ಹಲವು ಅಳತೆಯ ಚಿತ್ರಗಳನ್ನು ಇಡಬಹುದು. ಚಲಿಸುವ ಕರ್ಸರ್‌ಗಳಿಗೆ ‘ಆನಿ’ ಎಂಬ ಬೇರೆ ಫೈಲ್ ಇದೆ. ಅದರಲ್ಲಿ ಪ್ರತಿ ಚಿತ್ರ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಸೆಕೆಂಡಿನ 60ನೇ ಒಂದು ಭಾಗದ ಲೆಕ್ಕದಲ್ಲಿ ಬರೆಯುತ್ತಾರೆ.

ಈ ಆನಿ ಫೈಲ್ 2007ರಲ್ಲಿ ದೊಡ್ಡ ಭದ್ರತಾ ಸಮಸ್ಯೆಗೆ ಕಾರಣವಾಯಿತು. ಫೈಲ್‌ನ ತಲೆಬರಹದ ಭಾಗ ಎಷ್ಟು ಉದ್ದವಿದೆ ಎಂದು ವಿಂಡೋಸ್ ಮೊದಲ ಬಾರಿ ಪರೀಕ್ಷಿಸುತ್ತಿತ್ತು. ಅಂಥದೇ ಎರಡನೇ ಭಾಗ ಬಂದರೆ ಪರೀಕ್ಷಿಸುತ್ತಿರಲಿಲ್ಲ. ಬೇಕೆಂದೇ ಉದ್ದ ಹೆಚ್ಚಿಸಿದ ಎರಡನೇ ಭಾಗದ ಮೂಲಕ ದಾಳಿಕೋರರು ತಮ್ಮ ಕೋಡ್ ನುಗ್ಗಿಸಬಹುದಿತ್ತು. ವೆಬ್ ಪುಟ ತೆರೆದರೂ ಸಾಕಿತ್ತು, ಕ್ಲಿಕ್ ಮಾಡಬೇಕಾಗಿರಲಿಲ್ಲ. ಮೈಕ್ರೊಸಾಫ್ಟ್ ತನ್ನ ತಿಂಗಳ ವಾಡಿಕೆಯ ದಿನಕ್ಕೆ ಕಾಯದೆ ಏಪ್ರಿಲ್ 3ರಂದೇ ಪರಿಹಾರ ಬಿಡುಗಡೆ ಮಾಡಿತು. ಕರ್ಸರ್ ಅಲಂಕಾರದ ವಸ್ತುವಾದರೂ ಹೊರಗಿನಿಂದ ಬಂದ ಕರ್ಸರ್ ಫೈಲ್ ಉಳಿದ ಯಾವುದೇ ಫೈಲ್‌ನಷ್ಟೇ ಅನುಮಾನಕ್ಕೆ ಅರ್ಹ.

ಲಿನಕ್ಸ್ ಮತ್ತು ಯುನಿಕ್ಸ್ ಲೋಕದ ಎಕ್ಸ್ ವಿಂಡೊ ವ್ಯವಸ್ಥೆ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಕರ್ಸರ್‌ಗಳು ಒಂದು ಫಾಂಟ್‌ನ ಅಕ್ಷರಗಳಾಗಿದ್ದವು. 77 ಆಕಾರಗಳು, ಪ್ರತಿಯೊಂದಕ್ಕೂ ಒಂದು ಮುಸುಕು. ಸಮಸಂಖ್ಯೆ ಆಕಾರಕ್ಕೆ, ಅದರ ಮುಂದಿನ ಬೆಸಸಂಖ್ಯೆ ಮುಸುಕಿಗೆ. ಎಡಕ್ಕೆ ವಾಲಿದ ಬಾಣದ ಸಂಖ್ಯೆ 68, ಗಡಿಯಾರದ್ದು 150, ಪಠ್ಯದ ಗೆರೆಯದು 152. ಈ ಪಟ್ಟಿಯಲ್ಲಿ ದೋಣಿ, ಜೇಡ, ಕಾಫಿ ಲೋಟ, ಕೊಡೆಯಂಥ ತಮಾಷೆಯ ಆಕಾರಗಳೂ ಇವೆ. ಬಣ್ಣ ಎರಡೇ. ಪೂರ್ಣ ಬಣ್ಣ ಮತ್ತು ಪಾರದರ್ಶಕತೆ ಬಂದದ್ದು ಕೀತ್ ಪ್ಯಾಕರ್ಡ್ ಬರೆದ ಎಕ್ಸ್‌ಕರ್ಸರ್ ಲೈಬ್ರರಿಯಿಂದ; 2003ರ ಎಕ್ಸ್‌ಫ್ರೀ86 4.3 ಆವೃತ್ತಿಯಲ್ಲಿ ಅದು ಜನರಿಗೆ ಸಿಕ್ಕಿತು. ಅದರ ಫೈಲ್‌ನಲ್ಲಿ ಪ್ರತಿ ಚಿತ್ರದ ಜೊತೆ ಅಳತೆ, ಹಾಟ್‌ಸ್ಪಾಟ್ ಮತ್ತು ಮಿಲಿಸೆಕೆಂಡ್‌ಗಳಲ್ಲಿ ತಡೆಯ ಅವಧಿ ಇರುತ್ತದೆ. ಬಳಕೆದಾರರು ಥೀಮ್ ಬದಲಿಸಿದರೆ ಎಲ್ಲ ಪ್ರೋಗ್ರಾಂಗಳ ಕರ್ಸರ್‌ಗಳೂ ಒಟ್ಟಿಗೆ ಬದಲಾಗುತ್ತವೆ. ಆದರೆ ಪ್ರೋಗ್ರಾಂಗಳು ಕರ್ಸರ್‌ಗಳನ್ನು ಹೆಸರಿನಿಂದ ಕರೆದರೆ ಮಾತ್ರ ಈ ಅನುಕೂಲ. ತಮ್ಮದೇ ಚಿತ್ರ ಹಾಕಿಕೊಂಡ ಪ್ರೋಗ್ರಾಂಗಳಿಗೆ ಥೀಮ್ ಅನ್ವಯಿಸುವುದಿಲ್ಲ.

ಯಾವಾಗ, ಯಾರು ಬದಲಿಸಬೇಕು

ಕರ್ಸರ್ ರಚಿಸುವುದು ಒಂದು ಸಲದ ಕೆಲಸ. ಕಷ್ಟ ಇರುವುದು ಬದಲಿಸುವ ಹೊತ್ತನ್ನು ಹಿಡಿಯುವುದರಲ್ಲಿ. ವಿಂಡೋಸ್‌ನಲ್ಲಿ ಪ್ರತಿಯೊಂದು ಬಗೆಯ ವಿಂಡೊಗೂ ಒಂದು ಮೂಲ ಕರ್ಸರ್ ನೋಂದಾಯಿಸಬಹುದು. ಮೌಸ್ ಅಲುಗಿದಾಗ ವ್ಯವಸ್ಥೆ ಆ ವಿಂಡೊಗೆ ‘ಸೆಟ್ ಕರ್ಸರ್’ ಎಂಬ ಸಂದೇಶ ಕಳಿಸುತ್ತದೆ. ಮೌಸ್ ಈಗ ಒಳಭಾಗದಲ್ಲಿದೆಯೋ, ಅಂಚಿನಲ್ಲಿದೆಯೋ, ಶೀರ್ಷಿಕೆಯ ಪಟ್ಟಿಯಲ್ಲಿದೆಯೋ ಎಂಬ ಮಾಹಿತಿಯೂ ಅದರಲ್ಲಿರುತ್ತದೆ. ಪ್ರೋಗ್ರಾಂ ಉತ್ತರ ಕೊಡದಿದ್ದರೆ ವ್ಯವಸ್ಥೆ ಅಂಚಿನಲ್ಲಿ ಎರಡು ತುದಿಯ ಬಾಣ, ಒಳಗೆ ನೋಂದಾಯಿತ ಕರ್ಸರ್ ತೋರಿಸುತ್ತದೆ.

ಹೊಸಬರು ಇಲ್ಲಿ ಎಡವುವುದು ಒಂದೇ ರೀತಿಯಲ್ಲಿ. ಈ ಸಂದೇಶ ಗಮನಿಸದೆ, ಮೌಸ್ ಚಲನೆಯ ಸಂದೇಶ ಬಂದಾಗ ಕರ್ಸರ್ ಬದಲಿಸುತ್ತಾರೆ. ವ್ಯವಸ್ಥೆ ಬಾಣ ಹಾಕುತ್ತದೆ, ಪ್ರೋಗ್ರಾಂ ಪಿಪೆಟ್ ಹಾಕುತ್ತದೆ, ಮತ್ತೆ ಮೌಸ್ ಅಲುಗಿದರೆ ಮತ್ತೆ ಬಾಣ. ಪರದೆಯ ಮೇಲೆ ಎರಡರ ನಡುವೆ ಮಿಣುಕಾಟ ಶುರುವಾಗುತ್ತದೆ. ‘ಸೆಟ್ ಕರ್ಸರ್’ ಸಂದೇಶಕ್ಕೇ ಉತ್ತರ ಕೊಟ್ಟು, ಕೆಲಸ ಮುಗಿಯಿತು ಎಂದು ವ್ಯವಸ್ಥೆಗೆ ತಿಳಿಸಿದರೆ ಮಿಣುಕಾಟ ನಿಲ್ಲುತ್ತದೆ.

ಮ್ಯಾಕ್‌ನಲ್ಲಿ ವಿಂಡೊದ ಯಾವ ಆಯತಕ್ಕೆ ಯಾವ ಕರ್ಸರ್ ಎಂದು ಮೊದಲೇ ಹೇಳಿಟ್ಟರೆ ವ್ಯವಸ್ಥೆಯೇ ಬದಲಿಸಿಕೊಳ್ಳುತ್ತದೆ. ವಿಂಡೊದ ಅಳತೆ ಬದಲಾದಾಗ ಆಯತಗಳನ್ನು ಹೊಸದಾಗಿ ಹೇಳಬೇಕು. ಕ್ಯೂಟಿಯಲ್ಲಿ ಒಂದು ವಿಜೆಟ್‌ಗೆ ಕೊಟ್ಟ ಕರ್ಸರ್ ಅದರೊಳಗಿನ ವಿಜೆಟ್‌ಗಳಿಗೂ ಸಲ್ಲುತ್ತದೆ. ಪೈಥಾನ್‌ನ ಟಿಕೆ ಇಂಟರ್‌ಫೇಸ್‌ನಲ್ಲಿ ‘ವಾಚ್’ ಎಂಬ ಹೆಸರು ಬರೆದರೆ ಗಡಿಯಾರ ಬರುತ್ತದೆ. ಜಾವಾದಲ್ಲಿ ಸ್ವಂತ ಚಿತ್ರದ ಕರ್ಸರ್ ಮಾಡುವ ಮೊದಲು ವ್ಯವಸ್ಥೆ ಯಾವ ಅಳತೆ ಒಪ್ಪುತ್ತದೆ ಎಂದು ಕೇಳಬೇಕು. ವ್ಯವಸ್ಥೆ 32×32 ಬಯಸಿದಾಗ 20×20 ಚಿತ್ರ ಕೊಟ್ಟರೆ ಅದು ಹಿಗ್ಗಿ ಮಸುಕಾಗಬಹುದು. 32×32ರ ಪಾರದರ್ಶಕ ಹಾಳೆಯ ಮೂಲೆಯಲ್ಲಿ 20×20 ಚಿತ್ರ ಕೂರಿಸಿ ಕೊಡುವುದೇ ಜಾಣತನ. ಲಿನಕ್ಸ್‌ನಲ್ಲಿ ಎಕ್ಸ್ ವಿಂಡೊದ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಹಿಂದೆ ಪ್ರತಿ ಪ್ರೋಗ್ರಾಂ ಕರ್ಸರ್ ಚಿತ್ರವನ್ನು ತಾನೇ ಒದಗಿಸಬೇಕಿತ್ತು. 2023ರಲ್ಲಿ ಬಂದ ಹೊಸ ವಿಧಾನದಿಂದ ಆಕಾರದ ಹೆಸರಷ್ಟನ್ನೇ ಹೇಳಿದರೆ ಸಾಕಾಯಿತು.

ಕರ್ಸರ್ ಬಿಂದುವನ್ನು ಮಾತ್ರ ಕೊಡುತ್ತದೆ, ಅರ್ಥ ಕೊಡುವುದು ಪ್ರೋಗ್ರಾಂ ಎಂಬುದಕ್ಕೆ ಕನ್ನಡ ಪಠ್ಯವೇ ಒಳ್ಳೆಯ ಉದಾಹರಣೆ. ‘ಸ್ತ್ರೀ’ ಎಂಬುದು ಓದುಗರ ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಆರು ಸಂಕೇತಗಳು. ನಿಂತ ಗೆರೆಯನ್ನು ಅದರ ಮೇಲಿಟ್ಟು ಒತ್ತಿದಾಗ ಬಿಂದುವಿನ ಲೆಕ್ಕವನ್ನು ಪಠ್ಯದ ಲೆಕ್ಕಕ್ಕೆ ತಿರುಗಿಸಬೇಕು. ಆ ಬಿಂದು ಅಕ್ಷರದ ಎಡ ಅರ್ಧದಲ್ಲಿದ್ದರೆ ಅಕ್ಷರದ ಮೊದಲು, ಬಲ ಅರ್ಧದಲ್ಲಿದ್ದರೆ ಅಕ್ಷರದ ಬಳಿಕ ಬರವಣಿಗೆಯ ಜಾಗ ನಿಲ್ಲಬೇಕು. ಆರು ಸಂಕೇತಗಳ ನಡುವೆ ಎಲ್ಲೋ ನಿಂತರೆ ಮುಂದೆ ಟೈಪ್ ಮಾಡಿದ್ದು ಒತ್ತಕ್ಷರವನ್ನೇ ಒಡೆಯುತ್ತದೆ. ಭಾರತೀಯ ಲಿಪಿಗಳಿಗೆ ಪಠ್ಯಪೆಟ್ಟಿಗೆ ಮಾಡುವವರು ಈ ಕೆಲಸವನ್ನು ಸ್ವಂತ ಲೆಕ್ಕಾಚಾರಕ್ಕೆ ಬಿಡದೆ ಪಠ್ಯ ಜೋಡಿಸುವ ಲೈಬ್ರರಿಗೆ ವಹಿಸುವುದು ಕ್ಷೇಮ.

ಕಾಯಿಸುವ ಕರ್ಸರ್

ಅತಿ ಹೆಚ್ಚು ಬಳಕೆಯಾಗುವ, ಅತಿ ಹೆಚ್ಚು ದುರ್ಬಳಕೆಯೂ ಆಗುವ ಆಕಾರ ಕಾಯುವ ಸೂಚನೆಯದು. ಹಳೆಯ ಮ್ಯಾಕ್‌ನಲ್ಲಿ ಅದು ಕೈಗಡಿಯಾರವಾಗಿತ್ತು, ವಿಂಡೋಸ್‌ನಲ್ಲಿ ಎಕ್ಸ್‌ಪಿಯವರೆಗೆ ಮರಳು ಗಡಿಯಾರ, ವಿಸ್ಟಾದಿಂದ ಈಚೆಗೆ ತಿರುಗುವ ನೀಲಿ ಉಂಗುರ. ಬಾಣದ ಪಕ್ಕದಲ್ಲೇ ಪುಟ್ಟ ಉಂಗುರ ಇರುವ ಇನ್ನೊಂದು ಆಕಾರವೂ ಇದೆ. ಇವೆರಡರ ಅರ್ಥ ಬೇರೆ. ಬರೀ ಉಂಗುರ ಕಂಡರೆ ಈಗ ಒತ್ತಿ ಉಪಯೋಗವಿಲ್ಲ. ಬಾಣದ ಜೊತೆ ಉಂಗುರ ಕಂಡರೆ ಹಿನ್ನೆಲೆಯಲ್ಲಿ ಕೆಲಸ ನಡೆದಿದೆ, ಬಳಕೆದಾರರು ತಮ್ಮ ಕೆಲಸ ಮುಂದುವರಿಸಬಹುದು.

ಒಂದು ದೊಡ್ಡ ಫೈಲ್ ತೆರೆಯುವ ಕೋಡ್ ನೋಡೋಣ. ಮೊದಲ ಸಾಲು ಕಾಯುವ ಕರ್ಸರ್ ಹಾಕುತ್ತದೆ, ಎರಡನೆಯದು ಫೈಲ್ ಓದುತ್ತದೆ, ಮೂರನೆಯದು ಬಾಣ ಮರಳಿಸುತ್ತದೆ. ಎಲ್ಲ ನೆಟ್ಟಗಿದ್ದರೆ ಇದು ಸರಿ. ಫೈಲ್ ಕೆಟ್ಟಿದ್ದು ಎರಡನೇ ಸಾಲಿನಲ್ಲೇ ದೋಷ ಎದ್ದರೆ ಮೂರನೇ ಸಾಲು ಓಡುವುದೇ ಇಲ್ಲ. ದೋಷದ ಸಂದೇಶ ಮುಚ್ಚಿದ ಮೇಲೂ ಉಂಗುರ ತಿರುಗುತ್ತಲೇ ಇರುತ್ತದೆ. ಪ್ರೋಗ್ರಾಂ ಬಿಡುವಾಗಿದ್ದರೂ ಬಳಕೆದಾರರು ಕಾಯುತ್ತಾ ಕೂರುತ್ತಾರೆ. ಇದಕ್ಕೆ ಔಷಧಿ ಹಳೆಯದೇ: ಮರಳಿಸುವ ಸಾಲನ್ನು ‘ಫೈನಲಿ’ ಭಾಗದಲ್ಲಿ ಇಡಬೇಕು; ಸಿ ಪ್ಲಸ್ ಪ್ಲಸ್‌ನಲ್ಲಾದರೆ ವ್ಯಾಪ್ತಿ ಮುಗಿದಾಗ ತಾನೇ ಮರಳಿಸುವ ವಸ್ತುವೊಂದಕ್ಕೆ ಒಪ್ಪಿಸಬೇಕು.

ಮರಳಿಸುವಾಗಲೂ ನೇರವಾಗಿ ಬಾಣ ಹಾಕುವುದು ತಪ್ಪು. ಮೊದಲು ಇದ್ದದ್ದು ಕೂಡುಗೆರೆಯಾಗಿರಬಹುದು. ಅದಕ್ಕಾಗಿ ಕ್ಯೂಟಿಯಲ್ಲಿ ತಾತ್ಕಾಲಿಕ ಕರ್ಸರ್‌ಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಎಷ್ಟು ಸಲ ಹಾಕಿದೆವೋ ಅಷ್ಟೇ ಸಲ ತೆಗೆಯಬೇಕು. ಮ್ಯಾಕ್‌ನಲ್ಲೂ ಪೇರಿಸುವ, ತೆಗೆಯುವ ಸೌಲಭ್ಯ ಇದೆ. ವಿಂಡೋಸ್‌ನಲ್ಲಿ ಕರ್ಸರ್ ಅಡಗಿಸುವ ಆಜ್ಞೆಯ ಹಿಂದೆ ಎಣಿಕೆ ನಡೆಯುತ್ತದೆ. ಪ್ರತಿ ಅಡಗಿಸುವಿಕೆ ಒಂದು ಕಳೆಯುತ್ತದೆ, ಪ್ರತಿ ತೋರಿಸುವಿಕೆ ಒಂದು ಕೂಡುತ್ತದೆ, ಮೊತ್ತ 0 ಅಥವಾ ಹೆಚ್ಚಿದ್ದರೆ ಮಾತ್ರ ಕರ್ಸರ್ ಕಾಣುತ್ತದೆ. ಎರಡು ಸಲ ಅಡಗಿಸಿ ಒಂದೇ ಸಲ ತೋರಿಸಿದರೆ ಅದು ಅಡಗಿಯೇ ಇರುತ್ತದೆ.

ಇನ್ನೂ ಒಳ್ಳೆಯ ದಾರಿ ಎಂದರೆ ದೀರ್ಘ ಕೆಲಸವನ್ನು ಬೇರೆ ಥ್ರೆಡ್‌ಗೆ ಕಳಿಸಿ, ಇಂಟರ್‌ಫೇಸನ್ನು ಬಿಡುವಾಗಿ ಇಡುವುದು. ಮುಖ್ಯ ಥ್ರೆಡ್ ಸ್ತಬ್ಧವಾದರೆ ಪ್ರೋಗ್ರಾಂ ಹಾಕಿದ ಕರ್ಸರ್‌ಗೂ ಬೆಲೆ ಉಳಿಯದು. ಮ್ಯಾಕ್‌ನ ಬಣ್ಣಬಣ್ಣದ ತಿರುಗುವ ಚಕ್ರ ಪ್ರೋಗ್ರಾಂ ಹಾಕುವಂಥದ್ದಲ್ಲ. ಪ್ರೋಗ್ರಾಂ ಕೆಲವು ಕ್ಷಣ ಯಾವ ಸಂದೇಶವನ್ನೂ ಸ್ವೀಕರಿಸದಿದ್ದರೆ ವ್ಯವಸ್ಥೆಯೇ ಅದನ್ನು ತೋರಿಸುತ್ತದೆ. ಅದು ಕಂಡರೆ ಪ್ರೋಗ್ರಾಂನ ಮೇಲೆ ದೂರು ದಾಖಲಾದಂತೆ.

ಚಿತ್ರ ಬಿಡಿಸುವುದು ಯಾರು

ಮೊದಮೊದಲು ಕರ್ಸರ್ ಬಿಡಿಸುವುದು ಹಲವು ಕಂಪ್ಯೂಟರ್‌ಗಳಲ್ಲಿ ಸಾಫ್ಟ್‌ವೇರ್‌ನ ಕೆಲಸವಾಗಿತ್ತು. ಕರ್ಸರ್ ಕೂರುವ ಜಾಗದ ಪಿಕ್ಸೆಲ್‌ಗಳನ್ನು ಎತ್ತಿಟ್ಟುಕೊಂಡು, ಮೇಲೆ ಬಾಣ ಬಿಡಿಸಿ, ಮೌಸ್ ಅಲುಗಿದೊಡನೆ ಹಳೆಯ ಪಿಕ್ಸೆಲ್‌ಗಳನ್ನು ಮರಳಿಸಬೇಕಿತ್ತು. ಈಗ ಗ್ರಾಫಿಕ್ಸ್ ಚಿಪ್‌ನಲ್ಲಿ ಕರ್ಸರ್‌ಗೆಂದೇ ಪ್ರತ್ಯೇಕ ಪದರ ಇರುತ್ತದೆ. ಪರದೆಗೆ ಚಿತ್ರ ಹೋಗುವ ಕೊನೆಯ ಹಂತದಲ್ಲಿ ಅದು ಮೇಲಿನಿಂದ ಸೇರುತ್ತದೆ. ಪ್ರೋಗ್ರಾಂ ತಡವರಿಸುತ್ತಿದ್ದರೂ ಬಾಣ ಸರಾಗವಾಗಿ ಓಡುವುದು ಇದರಿಂದಲೇ. ಸ್ಕ್ರೀನ್‌ಶಾಟ್ ತೆಗೆದಾಗ ಅನೇಕ ಸಲ ಕರ್ಸರ್ ಕಾಣದಿರುವುದಕ್ಕೂ ಇದು ಒಂದು ಕಾರಣ.

ಈ ಪದರಕ್ಕೆ ಅಳತೆಯ ಮಿತಿ ಇದೆ. ಚಿತ್ರ ಬಿಡಿಸುವ ಪ್ರೋಗ್ರಾಂಗಳಲ್ಲಿ ಬ್ರಷ್‌ನ ಗಾತ್ರ ತೋರಿಸುವ ವೃತ್ತ ಚಿಕ್ಕದಿದ್ದಾಗ ಅದನ್ನೇ ಕರ್ಸರ್ ಮಾಡಬಹುದು. ಪಾರದರ್ಶಕ ಹಾಳೆಯ ಮೇಲೆ ಒಂದು ಕಪ್ಪು ವೃತ್ತ, ಅದಕ್ಕೆ ತಾಗಿದಂತೆ ಒಳಗೊಂದು ಬಿಳಿ ವೃತ್ತ, ನಡುವೆ ಹಾಟ್‌ಸ್ಪಾಟ್ ಇಟ್ಟರೆ ಯಾವ ಹಿನ್ನೆಲೆಯ ಮೇಲೂ ಕಾಣುತ್ತದೆ. ಬ್ರಷ್ ನೂರಾರು ಪಿಕ್ಸೆಲ್ ದಾಟಿದಾಗ ಪ್ರೋಗ್ರಾಂ ವೃತ್ತವನ್ನು ತನ್ನ ಹಾಳೆಯ ಮೇಲೆ ತಾನೇ ಬಿಡಿಸಬೇಕಾಗುತ್ತದೆ. ಆಗ ವೃತ್ತ ಕೈಗಿಂತ ತುಸು ಹಿಂದೆ ಬೀಳುತ್ತದೆ. ಆದ್ದರಿಂದ ನಡುವಿನಲ್ಲಿ ಚಿಕ್ಕ ಕೂಡುಗೆರೆಯ ನಿಜವಾದ ಕರ್ಸರ್ ಉಳಿಸಿಕೊಳ್ಳುವುದು ಒಳ್ಳೆಯದು.

ವೆಬ್ ಪುಟಗಳಲ್ಲಿ ಸ್ವಂತ ಚಿತ್ರದ ಕರ್ಸರ್ ಬಳಸಿದರೆ ಅದು ಸಿಗದಿದ್ದಾಗ ತೋರಿಸಬೇಕಾದ ಸಿದ್ಧ ಆಕಾರವನ್ನು ಕೊನೆಯಲ್ಲಿ ಹೇಳಲೇಬೇಕೆಂಬುದು ನಿಯಮ. ಕ್ರೋಮ್, ಫೈರ್‌ಫಾಕ್ಸ್ 128×128ಕ್ಕಿಂತ ದೊಡ್ಡ ಚಿತ್ರ ಒಪ್ಪುವುದಿಲ್ಲ. ದೊಡ್ಡ ಚಿತ್ರದೊಳಗೆ ನಕಲಿ ಬಾಣವನ್ನು ದೂರದಲ್ಲಿ ಬಿಡಿಸಿ, ನಿಜವಾದ ಹಾಟ್‌ಸ್ಪಾಟನ್ನು ಬೇರೆಡೆ ಅಡಗಿಸಿ, ಬಳಕೆದಾರರು ಒತ್ತಬಾರದ ಬಟನ್ ಒತ್ತುವಂತೆ ಮಾಡುವ ಮೋಸ ಸಾಧ್ಯವಾದ್ದರಿಂದ ಇಂಥ ಮಿತಿಗಳು ಬೇಕಾಗುತ್ತವೆ.

ಕಣ್ಣಿನ ದೃಷ್ಟಿ ಕಡಿಮೆ ಇರುವವರು ವಿಂಡೋಸ್‌ನಲ್ಲಾಗಲಿ, ಮ್ಯಾಕ್‌ನಲ್ಲಾಗಲಿ ಕರ್ಸರ್ ದೊಡ್ಡದು ಮಾಡಿಕೊಳ್ಳಬಹುದು. 2015ರಿಂದ ಮ್ಯಾಕ್‌ನಲ್ಲಿ ಮೌಸ್ ಬೇಗಬೇಗ ಅಲುಗಿಸಿದರೆ ಬಾಣ ಕ್ಷಣಕಾಲ ದೊಡ್ಡದಾಗಿ ಕಾಣುತ್ತದೆ. ಸೂಕ್ಷ್ಮ ಪರದೆಗಳಲ್ಲಿ ವ್ಯವಸ್ಥೆಯ ಆಕಾರಗಳು ತಾವೇ ಹಿಗ್ಗುತ್ತವೆ. ಪ್ರೋಗ್ರಾಂ ತನ್ನದೇ 32×32 ಚಿತ್ರ ಹಾಕಿದರೆ ಈ ಸೌಲಭ್ಯಗಳು ಕೈತಪ್ಪುವ ಅಪಾಯವಿದೆ. ಹಾಗಾಗಿ ಸ್ವಂತ ಕರ್ಸರ್ ಬೇಕೇಬೇಕಾದರೆ 32, 48, 64 ಹೀಗೆ ಹಲವು ಅಳತೆಗಳಲ್ಲಿ ಬಿಡಿಸಿ, ಪ್ರತಿ ಅಳತೆಗೂ ಹಾಟ್‌ಸ್ಪಾಟ್ ಬೇರೆಯಾಗಿ ಲೆಕ್ಕ ಹಾಕಿ ಕೊಡಬೇಕು.

ವ್ಯವಸ್ಥೆಯಲ್ಲಿ ಸಿದ್ಧವಿರುವ ಆಕಾರದಿಂದ ಕೆಲಸ ಆಗುವುದಾದರೆ ಅದನ್ನೇ ಬಳಸುವುದು ಸರಿ. ಅದರ ಅರ್ಥ ಬಳಕೆದಾರರಿಗೆ ಮೊದಲೇ ಗೊತ್ತು, ಅಳತೆ, ಬಣ್ಣ, ಥೀಮ್ ಎಲ್ಲವೂ ಅವರ ಆಯ್ಕೆಯಂತೆ ನಡೆಯುತ್ತವೆ. ಪಿಪೆಟ್, ಬ್ರಷ್‌ನಂಥ ಉಪಕರಣಗಳಿಗೆ ಮಾತ್ರ ಹೊಸ ಚಿತ್ರ ಸಾಕು. ಎಳೆಯಲಾಗದ ಅಂಚಿನ ಮೇಲೆ ಎರಡು ತುದಿಯ ಬಾಣವನ್ನಾಗಲಿ, ಕೊಂಡಿಯಲ್ಲದ ಪದದ ಮೇಲೆ ಕೈಬೆರಳನ್ನಾಗಲಿ ತೋರಿಸುವ ಪ್ರೋಗ್ರಾಂ ಎಷ್ಟೇ ಚೆಂದವಾಗಿದ್ದರೂ ಮಾತು ತಪ್ಪಿದ ಪ್ರೋಗ್ರಾಂ.